ಕೊರ್ಡೊಬಾ, ಸೆವಿಲ್ಲೆ, ಗ್ರನಾಡಾ: ಯಾವ ಊರು ಮೊದಲು? ಗೋಡೆಯಲ್ಲಿ ನೋಡಬೇಕಾದ್ದೇನು?

ದಾರಿಹೋಕ

ದಕ್ಷಿಣ ಸ್ಪೇನಿನ ಅಂಡಲೂಸಿಯಾಕ್ಕೆ ಒಂಬತ್ತು ದಿನ, ಮಾರ್ಚ್ ಮೊದಲ ಹದಿನೈದರೊಳಗೆ. ಇಳಿಯುವುದು ಮ್ಯಾಡ್ರಿಡ್‌ನಲ್ಲಿ, ವಾಪಸ್ ವಿಮಾನ ಮಾಲಗಾದಿಂದ. ಕಡಲತೀರ, ಅಂಗಡಿ ಯಾವುದೂ ಬೇಡ, ಇತಿಹಾಸ ಮಾತ್ರ. ತಿಳಿದವರು ದಯವಿಟ್ಟು ಇಷ್ಟು ಹೇಳಿ.

ಮೂರು ಊರುಗಳನ್ನು ಯಾವ ಕ್ರಮದಲ್ಲಿ ನೋಡಬೇಕು? "ಅರಬ್ಬರು ಎಂಟುನೂರು ವರ್ಷ ಆಳಿದರು" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹಾಗಾದರೆ ಮೂರೂ ಕಡೆ ಇರುವುದು ಒಂದೇ ಶೈಲಿಯ ಕಟ್ಟಡಗಳಾ? ಕಟ್ಟಡದ ಮುಂದೆ ನಿಂತಾಗ ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು, ಯಾವುದು ರಿಪೇರಿ ಅಂತ ಗುರುತಿಸಲು ದಾರಿ ಇದೆಯಾ? ಟಿಕೆಟ್ ವಿಷಯದಲ್ಲಿ ಎಲ್ಲಿ ಎಡವುತ್ತಾರೆ? ಒಂದು ದಿನ ಉಳಿದರೆ ಇನ್ನೆಲ್ಲಿಗೆ ಹೋಗಬಹುದು?

ಕಲ್ಲುಬರಹ

ಆ "ಎಂಟುನೂರು ವರ್ಷ" ಅನ್ನುವುದನ್ನು ಮೊದಲು ಬಿಡಿಸಿಕೊಳ್ಳೋಣ. ಉಳಿದ ಗೊಂದಲವೆಲ್ಲ ಹುಟ್ಟುವುದು ಅಲ್ಲೇ.

ಮುಸ್ಲಿಂ ಸೇನಾಪತಿ ತಾರಿಖ್ ಇಬ್ನ್ ಜಿಯಾದ್ ಜಲಸಂಧಿ ದಾಟಿ ಬಂದದ್ದು 711ರಲ್ಲಿ. ಜಿಬ್ರಾಲ್ಟರ್ ಅನ್ನುವ ಹೆಸರೇ "ಜಬಲ್ ತಾರಿಖ್", ಅಂದರೆ ತಾರಿಖನ ಬೆಟ್ಟ. ಅದೇ ವರ್ಷ ಕೊರ್ಡೊಬಾ, ಮರುವರ್ಷ ಸೆವಿಲ್ಲೆ ಮುಸ್ಲಿಂ ಆಳ್ವಿಕೆಗೆ ಬಂದವು. ಆದರೆ ಆ ಆಳ್ವಿಕೆ ಮುಗಿದದ್ದು ಒಂದೊಂದು ಊರಲ್ಲಿ ಒಂದೊಂದು ಕಾಲಕ್ಕೆ. ಕಸ್ಟೀಲಿನ ದೊರೆ ಮೂರನೇ ಫರ್ನಾಂಡೋ ಕೊರ್ಡೊಬಾವನ್ನು 1236ರಲ್ಲಿ, ಸೆವಿಲ್ಲೆಯನ್ನು 1248ರಲ್ಲಿ ಗೆದ್ದ. ಗ್ರನಾಡಾ ಶರಣಾದದ್ದು 1492ರ ಜನವರಿ 2ರಂದು, ಇಸಾಬೆಲ್ ಮತ್ತು ಫರ್ನಾಂಡೋ ದಂಪತಿಗೆ. ಲೆಕ್ಕ ಹಾಕಿದರೆ ಕೊರ್ಡೊಬಾಕ್ಕೆ 525 ವರ್ಷ, ಸೆವಿಲ್ಲೆಗೆ 536, ಗ್ರನಾಡಾ ಸೀಮೆಗೆ 781. ಗ್ರನಾಡಾದ ಅಲ್ಹಂಬ್ರಾ ಕೋಟೆಯ ಹೆಸರುವಾಸಿ ಅರಮನೆಗಳು ಏಳುತ್ತಿದ್ದ ಹೊತ್ತಿಗೆ ಕೊರ್ಡೊಬಾದ ಮಸೀದಿ ಚರ್ಚಾಗಿ ನೂರು ವರ್ಷ ದಾಟಿತ್ತು.

ಹಾಗಾಗಿ ಶೈಲಿ ಒಂದೇ ಅಲ್ಲ. ಕೊರ್ಡೊಬಾದಲ್ಲಿ ಉಮಯ್ಯದ್ ಮನೆತನದ ಕೆಲಸ, 8ರಿಂದ 10ನೇ ಶತಮಾನದ್ದು. ಸೆವಿಲ್ಲೆಯಲ್ಲಿ ಮೊರೊಕ್ಕೋ ಕಡೆಯಿಂದ ಬಂದ ಅಲ್ಮೊಹಾದರ 12ನೇ ಶತಮಾನದ ಇಟ್ಟಿಗೆ ಕೆಲಸ, ಅದರ ಮೇಲೆ ಕ್ರೈಸ್ತ ದೊರೆಗಳು ಮುಸ್ಲಿಂ ಕುಶಲಕರ್ಮಿಗಳಿಂದ ಮಾಡಿಸಿದ 14ನೇ ಶತಮಾನದ ಕೆಲಸ. ಗ್ರನಾಡಾದಲ್ಲಿ ನಸ್ರಿ ಮನೆತನದ್ದು, ಬಹುಪಾಲು 14ನೇ ಶತಮಾನದ್ದು. ಈ ಕಾರಣಕ್ಕೇ ಕೊರ್ಡೊಬಾ, ಸೆವಿಲ್ಲೆ, ಗ್ರನಾಡಾ ಅನ್ನುವ ಕ್ರಮ ಹಿಡಿಯಿರಿ. ಗ್ರನಾಡಾವನ್ನು ಮೊದಲು ನೋಡಿದವರಿಗೆ ಅಲ್ಲಿನ ಗಾರೆ ಕುಸುರಿ ಕಣ್ಣು ತುಂಬಿಬಿಟ್ಟಿರುತ್ತದೆ, ಕೊರ್ಡೊಬಾದ ಬರಿಗಲ್ಲಿನ ಕಮಾನು ಸಪ್ಪೆಯಾಗಿ ಕಾಣುತ್ತದೆ. ಆ ಸರಳ ಕಮಾನಿನ ಧೈರ್ಯ ಎಂಥದ್ದು ಅಂತ ಗೊತ್ತಾಗಬೇಕಾದರೆ ಅದನ್ನೇ ಮೊದಲು ನೋಡಬೇಕು.

ರೈಲೂ ಈ ಕ್ರಮಕ್ಕೆ ಹೊಂದುತ್ತದೆ. ಮ್ಯಾಡ್ರಿಡ್‌ನಿಂದ ಕೊರ್ಡೊಬಾಕ್ಕೆ ವೇಗದ ರೈಲಿನಲ್ಲಿ ಸುಮಾರು ಒಂದೂ ಮುಕ್ಕಾಲು ಗಂಟೆ, ಅಲ್ಲಿಂದ ಸೆವಿಲ್ಲೆಗೆ ಮುಕ್ಕಾಲು ಗಂಟೆ. ಸೆವಿಲ್ಲೆಯಿಂದ ಗ್ರನಾಡಾಕ್ಕೆ ಎರಡೂವರೆಯಿಂದ ಮೂರು ಗಂಟೆ. ಗ್ರನಾಡಾದಿಂದ ಮಾಲಗಾಕ್ಕೆ ಬಸ್ಸೇ ಸಲೀಸು.

ಹೋಗುವ ಮೊದಲು ಈ ನಾಲ್ಕು ಪದ ಗಟ್ಟಿ ಮಾಡಿಕೊಳ್ಳಿ. ಮೊಸಾರಬೆ: ಮುಸ್ಲಿಂ ಆಳ್ವಿಕೆಯಲ್ಲಿ ಬದುಕಿದ ಕ್ರೈಸ್ತರು. ಮುಲಾದಿ: ಇಸ್ಲಾಮಿಗೆ ಮತಾಂತರವಾದ ಸ್ಥಳೀಯರು. ಮುದೇಹಾರ್: ಕ್ರೈಸ್ತ ಆಳ್ವಿಕೆಯಲ್ಲಿ ಮುಸ್ಲಿಮರಾಗಿಯೇ ಉಳಿದವರು, ಅವರ ಕೈಗೆಲಸದ ಶೈಲಿಗೂ ಅದೇ ಹೆಸರು. ಮೊರಿಸ್ಕೊ: 1492ರ ನಂತರದ ವರ್ಷಗಳಲ್ಲಿ ಬಲವಂತಕ್ಕೆ ಕ್ರೈಸ್ತರಾದವರು, ಇವರನ್ನು 1609ರಿಂದ 1614ರ ನಡುವೆ ದೇಶದಿಂದಲೇ ಹೊರಹಾಕಿದರು. ಫಲಕಗಳಲ್ಲಿ ಈ ಪದಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲವನ್ನೂ "ಮೂರ್ (Moor) ಜನರದ್ದು" ಅಂತ ಒಂದೇ ಚೀಲಕ್ಕೆ ತುಂಬಿದರೆ ಏನೂ ಅರ್ಥವಾಗುವುದಿಲ್ಲ.

ಮೂರನೇಕಮಾನು

ಕೊರ್ಡೊಬಾದ ಮೆಸ್ಕಿತಾವನ್ನು ಹೇಗೆ ಓದಬೇಕು ಅಂತ ಹೇಳುತ್ತೇನೆ. ಮಸೀದಿ ಒಮ್ಮೆಲೇ ಕಟ್ಟಿದ್ದಲ್ಲ. ಸುಮಾರು 785ರಲ್ಲಿ ಒಂದನೇ ಅಬ್ದ್ ಅಲ್-ರಹಮಾನ್ ಶುರು ಮಾಡಿದ. 9ನೇ ಶತಮಾನದಲ್ಲಿ ಎರಡನೇ ಅಬ್ದ್ ಅಲ್-ರಹಮಾನ್ ದಕ್ಷಿಣಕ್ಕೆ ಬೆಳೆಸಿದ. 960ರ ದಶಕದಲ್ಲಿ ಎರಡನೇ ಅಲ್-ಹಕಮ್ ಇನ್ನೂ ದಕ್ಷಿಣಕ್ಕೆ ಒಯ್ದ. 987ರ ಹೊತ್ತಿಗೆ ಅಲ್-ಮನ್ಸೂರ್ ಪೂರ್ವಕ್ಕೆ ಎಂಟು ಸಾಲು ಸೇರಿಸಿದ. ಮೊದಲಿದ್ದ ಹನ್ನೊಂದು ಸಾಲು ಸೇರಿ ಹತ್ತೊಂಬತ್ತಾಯಿತು. ದಕ್ಷಿಣಕ್ಕೆ ಜಾಗ ಉಳಿದಿರಲಿಲ್ಲ, ನೆಲ ನದಿಯ ಕಡೆ ಇಳಿಯುತ್ತಿತ್ತು. ಅದಕ್ಕೇ ಪಕ್ಕಕ್ಕೆ ಬೆಳೆಯಿತು, ಅದಕ್ಕೇ ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೂಡು, ಇವತ್ತು ಗೋಡೆಯ ನಡುಮಧ್ಯದಲ್ಲಿಲ್ಲ.

ಈ ನಾಲ್ಕು ಹಂತಗಳನ್ನು ಕಣ್ಣಲ್ಲೇ ಬೇರೆ ಮಾಡಬಹುದು. ಒಳಗೆ ಹೋದ ಕೂಡಲೇ ಸಿಗುವ ಮೊದಲ ಭಾಗದಲ್ಲಿ ಕಂಬಗಳನ್ನು ಒಂದೊಂದಾಗಿ ನೋಡಿ. ಬಣ್ಣ ಬೇರೆ, ದಪ್ಪ ಬೇರೆ, ತಲೆಯ ಬೋದಿಗೆ ಬೇರೆ. ಒಂದು ಕಂಬ ನುಣುಪು, ಪಕ್ಕದ್ದಕ್ಕೆ ಗೀರು ಹೊಡೆದಿದೆ. ಇವೆಲ್ಲ ರೋಮನ್ನರ ಮತ್ತು ಅರಬ್ಬರಿಗೆ ಮೊದಲು ಇಲ್ಲಿ ಆಳಿದ ವಿಸಿಗೋತರ ಕಟ್ಟಡಗಳಿಂದ ತಂದು ಮರುಬಳಸಿದ ಕಂಬಗಳು. ಕಂಬಗಳು ಗಿಡ್ಡ, ಸೂರು ಎತ್ತರದಲ್ಲಿರಬೇಕು. ಏನು ಮಾಡುವುದು? ಕಮಾನಿನ ಮೇಲೆ ಇನ್ನೊಂದು ಕಮಾನು. ಕೆಳಗಿನದು ಕುದುರೆಲಾಳದ ಆಕಾರ, ಕಂಬಗಳು ವಾಲದಂತೆ ಹಿಡಿಯುತ್ತದೆ. ಮೇಲಿನದು ಅರ್ಧವೃತ್ತ, ಸೂರಿನ ಭಾರ ಹೊರುತ್ತದೆ. ಎರಡರ ನಡುವೆ ಬರಿ ಗಾಳಿ. ಕೆಂಪು ಇಟ್ಟಿಗೆ ಒಂದು, ಬಿಳಿ ಕಲ್ಲು ಒಂದು ಜೋಡಿಸಿದ್ದರಿಂದ ಆ ಪಟ್ಟೆ.

ಈಗ ನೇರ ಮಿಹ್ರಾಬಿನತ್ತ ನಡೆಯಿರಿ. ಅಲ್-ಹಕಮ್ ಕಾಲದ ಭಾಗಕ್ಕೆ ಬಂದಾಗ ಕಂಬಗಳು ಒಂದು ನಸುಗೆಂಪು, ಒಂದು ನೀಲಿಬೂದು ಅಂತ ಸರದಿಯಲ್ಲಿ ನಿಲ್ಲುತ್ತವೆ. ಇವು ಅದಕ್ಕಾಗಿಯೇ ಕಡೆಸಿದವು. ಮಿಹ್ರಾಬಿನ ಚಿನ್ನದ ಗಾಜುಚೂರಿನ ಚಿತ್ತಾರ ಬೈಜಾಂಟಿಯಮ್ ಕೆಲಸ, ಚಕ್ರವರ್ತಿಯೇ ಸಾಮಗ್ರಿ ಕಳಿಸಿದ್ದ. ಅಲ್ಲಿ ತಲೆ ಎತ್ತಿ ಗುಮ್ಮಟ ನೋಡಿ: ಪಟ್ಟಿಗಳು ಒಂದನ್ನೊಂದು ದಾಟಿ ನಕ್ಷತ್ರವಾಗುತ್ತವೆ, ನಡುಬಿಂದುವನ್ನು ಮಾತ್ರ ಮುಟ್ಟುವುದಿಲ್ಲ.

ಅಲ್ಲಿಂದ ಎಡಕ್ಕೆ, ಅಲ್-ಮನ್ಸೂರನ ಭಾಗಕ್ಕೆ ಹೋಗಿ. ಅಳತೆ ಅದೇ, ವಿಸ್ತಾರ ಹೆಚ್ಚು. ಆದರೆ ಕಮಾನಿನ ಕೆಂಪು ಪಟ್ಟೆಯ ಹತ್ತಿರ ನಿಂತು ದಿಟ್ಟಿಸಿ. ಇಟ್ಟಿಗೆ ಕಾಣುವುದಿಲ್ಲ, ಎಲ್ಲ ಕಲ್ಲೇ. ಕೆಂಪು ಬರಿ ಬಣ್ಣ. ಅವಸರದಲ್ಲಿ ಮಾಡಿದ ಕೆಲಸ. ಇದೊಂದು ವ್ಯತ್ಯಾಸ ಕಣ್ಣಿಗೆ ಬಿದ್ದರೆ ಇಡೀ ಕಟ್ಟಡದ ಕಾಲಕ್ರಮ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಡೀ ಕಟ್ಟಡದಲ್ಲಿ ಒಟ್ಟು 850ಕ್ಕೂ ಹೆಚ್ಚು ಕಂಬಗಳಿವೆ, ಎಣಿಸಲು ಹೋಗಬೇಡಿ, ಪಟ್ಟೆ ನೋಡಿ.

ನಡುವೆ ಎದ್ದಿರುವ ಕತೀಡ್ರಲ್ 1523ರಲ್ಲಿ ಶುರುವಾದದ್ದು. ಊರಿನ ಆಡಳಿತ ಮಂಡಳಿಯೇ ಅದನ್ನು ವಿರೋಧಿಸಿತ್ತು. ಕಡೆಗೆ ಚಕ್ರವರ್ತಿ ಐದನೇ ಕಾರ್ಲೋಸ್ ಒಪ್ಪಿಗೆ ಕೊಟ್ಟ. ಅನೇಕರು ಅದಕ್ಕೆ ಬೆನ್ನು ಮಾಡಿ ಹೋಗುತ್ತಾರೆ. ಹಾಗೆ ಮಾಡಬೇಡಿ. ಮಸೀದಿಯ ಕಂಬಸಾಲು ಕತೀಡ್ರಲ್ಲಿನ ಗೋಡೆಗೆ ಸೇರುವ ಅಂಚಿನಲ್ಲಿ ಐದು ನಿಮಿಷ ನಿಲ್ಲಿ. ಒಂದೇ ನೋಟದಲ್ಲಿ 10ನೇ ಶತಮಾನವೂ 16ನೇ ಶತಮಾನವೂ ಸಿಗುವ ಜಾಗ ಅದು. ಹೊರಗಿನ ಗಂಟೆಗೋಪುರದ ಒಡಲಲ್ಲೂ ಹಳೆಯ ಮಿನಾರ್ ಅಡಗಿದೆ.

ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8.30ರಿಂದ 9.30ರವರೆಗೆ ಪ್ರವೇಶ ಉಚಿತ. ಗುಂಪುಗಳನ್ನು ಬಿಡುವುದಿಲ್ಲ, ಸದ್ದಿಲ್ಲ. ಆದರೆ 9.30ಕ್ಕೆ ಹೊರಗೆ ಕಳಿಸುತ್ತಾರೆ. ಮೇಲಿನದೆಲ್ಲ ನೋಡಲು ಎರಡು ಗಂಟೆ ಬೇಕು. ಹಾಗಾಗಿ ಉಚಿತ ಗಂಟೆಯಲ್ಲಿ ಬರಿ ಓಡಾಡಿ, ಆಮೇಲೆ ಟಿಕೆಟ್ ಕೊಂಡು ಮತ್ತೆ ಹೋಗುವುದು ಒಳ್ಳೆಯದು. ಗಂಟೆಗೋಪುರಕ್ಕೆ ಬೇರೆ ಟಿಕೆಟ್, ಅದರಲ್ಲಿ ಹೊತ್ತು ನಮೂದಾಗಿರುತ್ತದೆ.

ಪಟ್ಟಿಗಾರ

ಕಾಲಕ್ರಮದ ಮಾತು ಸರಿ. ಆದರೆ ದಾರಿಹೋಕರೇ, ಮೊದಲು ಅಲ್ಹಂಬ್ರಾ ಟಿಕೆಟ್ ಯಾವ ದಿನಕ್ಕೆ ಸಿಗುತ್ತದೆ ನೋಡಿ, ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಿ. ಕೊರ್ಡೊಬಾಕ್ಕೆ ಹಿಂದಿನ ದಿನ ನಿರ್ಧರಿಸಿಯೂ ಹೋಗಬಹುದು. ಗ್ರನಾಡಾಕ್ಕೆ ಹಾಗೆ ಹೋದರೆ ಹೊರಗಿನ ಗೋಡೆ ನೋಡಿ ಬರಬೇಕಾದೀತು.

ಜನ ಎಡವುವುದು ಇಲ್ಲಿ:

ಅಲ್ಹಂಬ್ರಾದ ಟಿಕೆಟ್‌ಗಳಲ್ಲಿ ಹಲವು ಬಗೆ. "ಜನರಲ್" ಅನ್ನುವುದರಲ್ಲಿ ಮಾತ್ರ ಅಲ್ಕಸಾಬಾ ಕೋಟೆ, ನಸ್ರಿ ಅರಮನೆಗಳು, ಹೆನೆರಲೀಫೆ ತೋಟ ಮೂರೂ ಸೇರಿವೆ. ತೋಟಗಳ ಟಿಕೆಟ್ ಅಗ್ಗ ಅಂತ ಕೊಂಡರೆ ನಸ್ರಿ ಅರಮನೆಗಳ ಒಳಗೆ ಬಿಡುವುದಿಲ್ಲ, ಅಂದರೆ ಸಿಂಹದ ಅಂಗಳ ನೋಡುವಂತಿಲ್ಲ. ರಾತ್ರಿ ವೀಕ್ಷಣೆಯದು ಪೂರಾ ಬೇರೆ ಟಿಕೆಟ್.

ಟಿಕೆಟಿನ ಮೇಲೆ ಬರೆದಿರುವ ಹೊತ್ತು ನಸ್ರಿ ಅರಮನೆಗಳ ಬಾಗಿಲಲ್ಲಿ ಇರಬೇಕಾದ ಹೊತ್ತು. ಆವರಣದ ಗೇಟಿಗೆ ತಲುಪುವ ಹೊತ್ತಲ್ಲ! ಟಿಕೆಟ್ ಕೌಂಟರ್ ಇರುವುದು ಹೆನೆರಲೀಫೆ ಕಡೆಯ ತುದಿಯಲ್ಲಿ. ಅಲ್ಲಿಂದ ಅರಮನೆ ಬಾಗಿಲಿಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ, ಮೇಲೆ ಸರದಿ. ಮೊದಲು ಹೆನೆರಲೀಫೆ ತೋಟಕ್ಕೆ ನುಗ್ಗಿ, ಗಡಿಯಾರ ಮರೆತು, ಹೊತ್ತು ತಪ್ಪಿಸಿಕೊಳ್ಳುವುದು ಅಲ್ಲಿ ದಿನವೂ ಆಗುವ ಕಥೆ. ಟಿಕೆಟ್ ಕೈಯಲ್ಲಿದ್ದರೆ ಕೌಂಟರ್ ಕಡೆ ಹೋಗುವ ಅಗತ್ಯವಿಲ್ಲ. ಊರಿನಿಂದ ಗೊಮೆರೆಸ್ ಏರುದಾರಿ ಹಿಡಿದು 1348ರ ನ್ಯಾಯದ ಬಾಗಿಲಿನಿಂದ ಒಳಗೆ ಹೋದರೆ ಅರಮನೆ ಹತ್ತಿರ.

ಟಿಕೆಟ್ ಹೆಸರಿನ ಮೇಲಿರುತ್ತದೆ. ಪಾಸ್‌ಪೋರ್ಟ್ ಮೂಲಪ್ರತಿಯೇ ಇರಲಿ, ಒಳಗೆ ಒಂದಕ್ಕಿಂತ ಹೆಚ್ಚು ಕಡೆ ಕೇಳುತ್ತಾರೆ. ಬುಕ್ ಮಾಡುವಾಗ ಹೆಸರು, ಸಂಖ್ಯೆ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹಾಕಿ. ಆವರಣವನ್ನು ನೋಡಿಕೊಳ್ಳುವ ಸಂಸ್ಥೆಯ ಅಧಿಕೃತ ತಾಣದಲ್ಲೇ ಕೊಳ್ಳಿ. ಮರುಮಾರಾಟದ ತಾಣಗಳಲ್ಲಿ ಬೆಲೆ ಹೆಚ್ಚು, ಬಗೆ ಯಾವುದು ಅಂತ ಸರಿಯಾಗಿ ಬರೆದಿರುವುದಿಲ್ಲ.

ಸೆವಿಲ್ಲೆಯ ಅಲ್ಕಾಸರ್ ಅರಮನೆಗೂ ಹೊತ್ತಿನ ಟಿಕೆಟ್. ಮೇಲಂತಸ್ತಿನ ರಾಜಕೊಠಡಿಗಳಿಗೆ ಇನ್ನೊಂದು ಟಿಕೆಟ್, ಅವುಗಳನ್ನು ರಾಜಮನೆತನ ಇವತ್ತಿಗೂ ಬಳಸುತ್ತದೆ. ಕತೀಡ್ರಲ್ ಟಿಕೆಟಿನಲ್ಲಿ ಹಿರಾಲ್ಡಾ ಗೋಪುರವೂ ಎಲ್ ಸಾಲ್ವಡೋರ್ ಚರ್ಚೂ ಸೇರಿವೆ. ಇಂಡೀಸ್ ಪತ್ರಾಗಾರಕ್ಕೆ ಟಿಕೆಟ್ ಇಲ್ಲ.

ದಾರಿಹೋಕ

ತುಂಬಾ ಉಪಕಾರವಾಯಿತು. ಒಂದು ಅನುಮಾನ ಉಳಿದಿದೆ. ಸೆವಿಲ್ಲೆಯ ಅಲ್ಕಾಸರ್ ಅರಬ್ಬರು ಬಿಟ್ಟುಹೋದ ಅರಮನೆ ಅಂತ ಅಂದುಕೊಂಡಿದ್ದೆ. ಕಲ್ಲುಬರಹ ಅವರು ಕ್ರೈಸ್ತ ದೊರೆ ಮಾಡಿಸಿದ್ದು ಅನ್ನುತ್ತಿದ್ದಾರೆ. ಹಾಗಾದರೆ ಗೋಡೆ ತುಂಬ ಅರಬ್ಬಿ ಬರಹ ಯಾಕೆ?

ಕಲ್ಲುಬರಹ

ಇದು ನೀವು ಕೇಳಬಹುದಾದ ಅತ್ಯುತ್ತಮ ಪ್ರಶ್ನೆ. ಉತ್ತರವನ್ನು ಆ ಅರಮನೆ ತನ್ನ ಮುಂಗೋಡೆಯ ಮೇಲೇ ಬರೆದುಕೊಂಡಿದೆ.

ಬೇಟೆಯ ಅಂಗಳದಲ್ಲಿ ನಿಂತು ಪೆದ್ರೋ ದೊರೆಯ ಅರಮನೆಯ ಮುಂಭಾಗ ನೋಡಿ. ಮೇಲಿನ ಕಿಟಕಿಗಳಿಗಿಂತ ಮೇಲೆ, ಸೂರಿನ ಕೆಳಗೆ, ನೀಲಿ ಬಿಳಿ ಟೈಲಿನ ಅಗಲ ಪಟ್ಟಿ ಇದೆ. ದೂರದಿಂದ ಬರಿ ಜ್ಯಾಮಿತಿಯ ಚಿತ್ತಾರ. ಅದು ಕೂಫಿ ಲಿಪಿಯ ಅರಬ್ಬಿ: "ವ ಲಾ ಗಾಲಿಬ್ ಇಲ್ಲಲ್ಲಾಹ್", ಅಂದರೆ ಅಲ್ಲಾಹನ ಹೊರತು ಗೆಲ್ಲುವವನಿಲ್ಲ. ನೇರವಾಗಿಯೂ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿಯೂ ಬರೆದಿದ್ದಾರೆ. ಇದು ಗ್ರನಾಡಾದ ನಸ್ರಿ ಸುಲ್ತಾನರ ಘೋಷವಾಕ್ಯ! ಅದರ ಸುತ್ತ ಚೌಕಟ್ಟಿನ ಹಾಗೆ ಗೋಥಿಕ್ ಅಕ್ಷರದಲ್ಲಿ ಕಸ್ಟೀಲಿಯನ್ ಬರಹ: ಕಸ್ಟೀಲ್ ಮತ್ತು ಲಿಯೋನಿನ ದೊರೆ ದಾನ್ ಪೆದ್ರೋ ಈ ಅರಮನೆ ಮಾಡಿಸಿದ, ವರ್ಷ 1402.

ಈ 1402 ಅನೇಕರನ್ನು ದಾರಿ ತಪ್ಪಿಸುತ್ತದೆ. ಅದು ಸ್ಪೇನಿನ ಹಳೆಯ ಶಕೆ, ಕ್ರಿಸ್ತಶಕಕ್ಕಿಂತ 38 ವರ್ಷ ಮುಂದೆ. 38 ಕಳೆಯಿರಿ, 1364. ಊರು ಕ್ರೈಸ್ತರದ್ದಾಗಿ 116 ವರ್ಷ ಆಗಿತ್ತು.

ಪೆದ್ರೋನಿಗೂ ಗ್ರನಾಡಾದ ಐದನೇ ಮುಹಮ್ಮದನಿಗೂ ಗಾಢ ರಾಜಕೀಯ ಸ್ನೇಹ. 1359ರಲ್ಲಿ ಪಟ್ಟ ಕಳೆದುಕೊಂಡ ಮುಹಮ್ಮದ್ 1362ರಲ್ಲಿ ಅದನ್ನು ಮರಳಿ ಪಡೆದದ್ದು ಪೆದ್ರೋನ ನೆರವಿನಿಂದ. ಅದೇ ಮುಹಮ್ಮದ್ ಆಮೇಲೆ ಅಲ್ಹಂಬ್ರಾದಲ್ಲಿ ಸಿಂಹದ ಅರಮನೆ ಕಟ್ಟಿಸಿದ. ಅಂದರೆ ಸೆವಿಲ್ಲೆಯ ಈ ಅರಮನೆಯೂ ಗ್ರನಾಡಾದ ಆ ಅರಮನೆಯೂ ಒಂದೇ ತಲೆಮಾರಿನವು. ಸೆವಿಲ್ಲೆ, ಟೊಲೆಡೊ, ಗ್ರನಾಡಾ ಮೂರೂ ಕಡೆಯ ಕೆಲಸಗಾರರು ಇಲ್ಲಿ ದುಡಿದರು. ಒಳಗೆ ಪೆದ್ರೋನನ್ನು "ಸುಲ್ತಾನ" ಅಂತ ಹೊಗಳುವ ಅರಬ್ಬಿ ಸಾಲುಗಳೂ ಇವೆ. ಆ ಕಾಲಕ್ಕೆ ಅರಸನ ಘನತೆ ಹೇಳುವ ಭಾಷೆ ಅದೇ ಆಗಿತ್ತು. ಅರಬ್ಬಿ ಇದ್ದಲ್ಲೆಲ್ಲ ಮುಸ್ಲಿಂ ದೊರೆಯನ್ನು ಹುಡುಕಬಾರದು.

ಕನ್ಯೆಯರ ಅಂಗಳದಲ್ಲಿ ಕೆಳಗಿನ ಅಂತಸ್ತು ಪೆದ್ರೋನದು, ಮೇಲಿನದು 16ನೇ ಶತಮಾನದ ರಿನೇಸಾನ್ಸ್ ಸೇರ್ಪಡೆ. ನಡುವಿನ ತಗ್ಗಿನ ತೋಟ ಶತಮಾನಗಳ ಕಾಲ ಅಮೃತಶಿಲೆಯ ನೆಲದ ಕೆಳಗೆ ಹೂತುಹೋಗಿತ್ತು. 2002ರ ನಂತರದ ಉತ್ಖನನದಲ್ಲಿ ಹೊರಬಂತು. ಹಳೆಯ ಫೋಟೊಗಳಲ್ಲಿ ಅಲ್ಲಿ ಬರಿ ಹಾಸುಗಲ್ಲು ಕಾಣುವುದು ಆ ಕಾರಣಕ್ಕೆ. ನಿಜವಾಗಿ ಅಲ್ಮೊಹಾದ್ ಕಾಲದ್ದು ಬೇಕಾದರೆ ಅದೇ ಆವರಣದ ಗಚ್ಚಿನ ಅಂಗಳ ನೋಡಿ, ಚಿಕ್ಕದು, ಅರ್ಧ ಜನ ಗಮನಿಸದೇ ಮುಂದೆ ಹೋಗುತ್ತಾರೆ.

ಹಿರಾಲ್ಡಾದಲ್ಲೂ ಹೀಗೇ ಕೆಳಗಿನಿಂದ ಮೇಲಕ್ಕೆ ಓದಿ. ಬುಡದಲ್ಲಿ ಮರುಬಳಸಿದ ರೋಮನ್ ಕಲ್ಲು, ಕೆಲವಲ್ಲಿ ಲ್ಯಾಟಿನ್ ಅಕ್ಷರ ಇನ್ನೂ ಕಾಣುತ್ತವೆ. ಅದರ ಮೇಲೆ 1184ರಿಂದ 1198ರವರೆಗೆ ಕಟ್ಟಿದ ಅಲ್ಮೊಹಾದ್ ಮಿನಾರಿನ ಇಟ್ಟಿಗೆ, ಬಲೆ ಹೆಣೆದಂಥ ಚಿತ್ತಾರ. ತುದಿಯಲ್ಲಿ 1558ರಿಂದ 1568ರ ನಡುವೆ ಎರ್ನಾನ್ ರೂಯಿಸ್ ಏರಿಸಿದ ಗಂಟೆಮನೆ. ಒಳಗೆ ಮೆಟ್ಟಿಲಿಲ್ಲ, 35 ಇಳಿಜಾರು ಹಂತಗಳು. ಕುದುರೆಯ ಮೇಲೆ ಕೂತು ಏರುವಂತೆ ಮಾಡಿದ್ದು. ಕಡೆಯಲ್ಲಿ ಮಾತ್ರ ಕೆಲವು ಮೆಟ್ಟಿಲು.

ಕತೀಡ್ರಲ್ಲಿನಲ್ಲಿ ಮೂರನೇ ಫರ್ನಾಂಡೋನ ಸಮಾಧಿ ಇದೆ. ಊರು ಗೆದ್ದ ಆ ದೊರೆಯ ಸಮಾಧಿಬರಹ ಲ್ಯಾಟಿನ್, ಕಸ್ಟೀಲಿಯನ್, ಅರಬ್ಬಿ, ಹೀಬ್ರೂ ನಾಲ್ಕೂ ಭಾಷೆಯಲ್ಲಿದೆ.

ನೀರಗಾಲುವೆ

ಅಲ್ಹಂಬ್ರಾ ಬಗ್ಗೆ ಯಾರೂ ನೀರಿನಿಂದ ಶುರು ಮಾಡುವುದಿಲ್ಲ. ಅಲ್ಲಿಂದಲೇ ಶುರು ಮಾಡಬೇಕು.

ಅರಮನೆ ಗುಡ್ಡದ ಮೇಲಿದೆ, ದಾರೋ ನದಿ ಕೆಳಗೆ ಕಮರಿಯಲ್ಲಿ. ನೀರನ್ನು ಮೇಲಕ್ಕೆ ಎತ್ತುವ ಬದಲು ಸುಮಾರು ಆರು ಕಿಲೋಮೀಟರ್ ಮೇಲೆ, ನದಿಯೇ ಎತ್ತರದಲ್ಲಿರುವ ಕಡೆ ಒಡ್ಡು ಹಾಕಿ ಕಾಲುವೆ ತೋಡಿದರು. ನಸ್ರಿ ಮನೆತನದ ಮೊದಲ ದೊರೆ ಒಂದನೇ ಮುಹಮ್ಮದ್ 1238ರಲ್ಲಿ ಹಿಡಿಸಿದ ಕೆಲಸ. ಗುಡ್ಡದ ಮೈಗೆ ಅಂಟಿಕೊಂಡು, ತೀರಾ ಸಣ್ಣ ಇಳಿಜಾರಿನಲ್ಲಿ, ನೀರು ತನ್ನ ಪಾಡಿಗೆ ಹರಿದು ಬರುತ್ತದೆ. ಇದೇ ರಾಜಕಾಲುವೆ, ಅಸೇಕಿಯಾ ರೆಯಾಲ್. ಕಾಲುವೆ ಅನ್ನುವ ಸ್ಪ್ಯಾನಿಷ್ ಪದವೇ ಅರಬ್ಬಿಯ "ಅಸ್-ಸಾಖಿಯಾ". ಅದು ಮೊದಲು ಹೆನೆರಲೀಫೆ ತೋಟದ ನಡುವೆ ಹಾಯುತ್ತದೆ, ಆಮೇಲೆ ಅರಮನೆಗೆ. ಆ ಅಂಗಳದ ಹೆಸರೇ ಕಾಲುವೆಯ ಅಂಗಳ. ಅಲ್ಲಿ ಕಮಾನು ಕಟ್ಟಿ ಚಿಮ್ಮುವ ಕಾರಂಜಿಗಳು ಮಾತ್ರ ಬಹಳ ಈಚಿನವು. ಅದೇ ತೋಟದ ಮೇಲ್ಭಾಗದ ನೀರಿನ ಮೆಟ್ಟಿಲಿಗೆ ಹೋಗಿ ಕೈಪಿಡಿಗೋಡೆಯ ಮೇಲೆ ಅಂಗೈ ಇಡಿ. ಗೋಡೆಯ ನೆತ್ತಿಯಲ್ಲೇ ತೋಡು ಇದೆ, ನೀರು ಬೆರಳ ನಡುವೆ ಇಳಿದು ಹೋಗುತ್ತದೆ.

ಇನ್ನು ನಸ್ರಿ ಗೋಡೆ. ಬಹುತೇಕ ಕೋಣೆಗಳಲ್ಲಿ ಮೂರು ಪದರ: ಸೊಂಟದೆತ್ತರಕ್ಕೆ ಬಣ್ಣದ ಟೈಲ್ ಚೂರುಗಳ ಜೋಡಣೆ, ಅದರ ಮೇಲೆ ಕೆತ್ತಿದ ಗಾರೆ, ಎಲ್ಲಕ್ಕಿಂತ ಮೇಲೆ ಮರ. ಮೈ ತಾಗುವ, ನೀರು ಬೀಳುವ ಕಡೆ ಗಟ್ಟಿ ಟೈಲ್. ಮೇಲೆ ಹೋದಂತೆ ಹಗುರ. ಗಾರೆಯ ಸಂದುಗಳಲ್ಲಿ ಇಣುಕಿದರೆ ನೀಲಿ, ಕೆಂಪು ಬಣ್ಣದ ಚೂರು ಇನ್ನೂ ಉಳಿದಿದೆ. ಈಗ ಕೆನೆಬಣ್ಣಕ್ಕೆ ಕಾಣುವ ಗೋಡೆ ಆಗ ರಂಗುರಂಗಾಗಿತ್ತು.

ಕೋಮಾರೆಸ್ ಸಭಾಂಗಣದ ಮರದ ಮಾಡು ನೋಡಲು ಕುತ್ತಿಗೆ ನೋವಾದರೂ ಹೊತ್ತು ಕೊಡಿ. 8,017 ಚೂರುಗಳು, ಏಳು ಸುತ್ತು, ಏಳು ಸ್ವರ್ಗ. ಸಿಂಹದ ಅಂಗಳದಲ್ಲಿ 124 ಕಂಬ, 12 ಸಿಂಹ. ಕಾರಂಜಿಯ ಬೋಗುಣಿಯ ಅಂಚಿನಲ್ಲಿ ಇಬ್ನ್ ಜಮ್ರಕನ ಪದ್ಯ ಕೆತ್ತಿದೆ: ಹರಿಯುತ್ತಿರುವುದು ನೀರೋ ಅಮೃತಶಿಲೆಯೋ ತಿಳಿಯದು ಅನ್ನುವ ಭಾವ. ಗೋಡೆಗಳ ಮೇಲಿನ ಬರಹದಲ್ಲಿ ಬಹುಪಾಲು ಕುರಾನ್ ಅಂತ ಹಲವರು ತಿಳಿದಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಸಲ ಬರುವುದು ಕಲ್ಲುಬರಹ ಅವರು ಸೆವಿಲ್ಲೆಯಲ್ಲಿ ತೋರಿಸಿದ ಅದೇ ಘೋಷವಾಕ್ಯ. ಅಲ್ಲಿ ಅದರ ಆಕಾರ ಗುರುತು ಮಾಡಿಕೊಂಡು ಬಂದರೆ ಇಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ.

ಮೂಲ ಮತ್ತು ರಿಪೇರಿ ಬೇರೆ ಮಾಡುವ ದಾರಿ ಕೇಳಿದ್ದಿರಿ. 19ನೇ ಶತಮಾನದಲ್ಲಿ ದುರಸ್ತಿ ಮಾಡಿದವರು "ಪೂರ್ವದೇಶದ" ಕಳೆ ಬರಲಿ ಅಂತ ತಮ್ಮ ಕಲ್ಪನೆಯನ್ನೂ ಸೇರಿಸಿದರು. ಸಿಂಹದ ಅಂಗಳದ ಒಂದು ಮಂಟಪದ ಮೇಲೆ ಬಣ್ಣದ ಹೆಂಚಿನ ಗುಮ್ಮಟವನ್ನೇ ಕೂರಿಸಿದ್ದರು, ಹಳೆಯ ಫೋಟೊಗಳಲ್ಲಿದೆ. 1923ರಿಂದ 1936ರವರೆಗೆ ಅಲ್ಲಿನ ವಾಸ್ತುಶಿಲ್ಪಿಯಾಗಿದ್ದ ಲಿಯೊಪೋಲ್ದೋ ತೊರೆಸ್ ಬಾಲ್ಬಾಸ್ ಅದನ್ನು 1934ರಲ್ಲಿ ತೆಗೆಸಿದರು. ಅವರ ಪದ್ಧತಿ ಬಹಳ ಪ್ರಾಮಾಣಿಕ: ಕಳೆದುಹೋದ ಕಡೆ ಚಿತ್ತಾರ ನಕಲು ಮಾಡದೆ ನುಣುಪು ಗಾರೆ ಹಚ್ಚಿ ಆಕಾರವನ್ನಷ್ಟೇ ಪೂರ್ತಿ ಮಾಡುವುದು. ಕುಸುರಿ ಥಟ್ಟನೆ ನಿಂತು ನುಣುಪು ಶುರುವಾದರೆ ಅದು ತುಂಬಿದ ಜಾಗ. ಸಿಂಹದ ಅಂಗಳದ ಬಿಳಿ ಅಮೃತಶಿಲೆಯ ನೆಲ 2012ರದ್ದು, ಮಕಾಯೆಲ್‌ನ ಕಲ್ಲು. ಮೆಸ್ವಾರ್ ಕೋಣೆಯ ಟೈಲಿನಲ್ಲಿ ಎರಡು ಕಂಬವೂ "ಪ್ಲುಸ್ ಉಲ್ತ್ರಾ" ಅಂತ ಲ್ಯಾಟಿನ್ ಅಕ್ಷರವೂ ಇದ್ದರೆ ಅದು ಐದನೇ ಕಾರ್ಲೋಸ್ ಕಾಲದ್ದು.

ಉಳಿದ ದಿನಕ್ಕೆ ನನ್ನ ಸಲಹೆ ಅಲ್ಪುಹಾರಾ: ಗ್ರನಾಡಾದಿಂದ ಬಸ್ಸಿದೆ, ಪಂಪನೇರಾ, ಬುಬಿಯೋನ್, ಕಪಿಲೇರಾ ಮೂರು ಹಳ್ಳಿ ಒಂದೇ ಕಣಿವೆಯಲ್ಲಿ. ಮನೆಗಳ ಸೂರು ಚಪ್ಪಟೆ. ಚೆಸ್ಟ್‌ನಟ್ ಮರದ ತೊಲೆ, ಮೇಲೆ ಚಪ್ಪಡಿ, ಅದರ ಮೇಲೆ ಲೌನಾ ಅನ್ನುವ ಬೂದು ಜೇಡಿ. ಒದ್ದೆಯಾದರೆ ಲೌನಾ ಬಿಗಿದುಕೊಂಡು ನೀರು ಇಳಿಯಗೊಡುವುದಿಲ್ಲ. 1568ರಲ್ಲಿ ಮೊರಿಸ್ಕೊಗಳು ದಂಗೆ ಎದ್ದದ್ದು ಈ ಸೀಮೆಯಲ್ಲಿ. 1571ರ ಹೊತ್ತಿಗೆ ದಂಗೆ ಅಡಗಿಸಿ, ಅವರನ್ನು ಒಕ್ಕಲೆಬ್ಬಿಸಿ, ಉತ್ತರದಿಂದ ಬೇರೆ ಜನರನ್ನು ತಂದು ಕೂರಿಸಿದರು. ಕಾಲುವೆಗಳು ಉಳಿದವು. ವಸಂತದಲ್ಲಿ ಹಿಮ ಕರಗಿದ ನೀರನ್ನು ಮೇಲಿನ ಕಾಲುವೆಗಳಿಂದ ಬೇಕೆಂದೇ ಬಿರುಕು ನೆಲಕ್ಕೆ ಬಿಡುತ್ತಾರೆ. ಅದು ಒಳಗೊಳಗೇ ಇಳಿದು ವಾರಗಳ, ತಿಂಗಳುಗಳ ನಂತರ ಕೆಳಗಿನ ಊರಿನ ಒರತೆಗಳಲ್ಲಿ ಏಳುತ್ತದೆ, ಬೇಸಿಗೆಗೆ ಸರಿಯಾಗಿ.

ಅಂಚಿನಟಿಪ್ಪಣಿ

ಇಲ್ಲಿವರೆಗೆ ಎಲ್ಲರೂ ಮಸೀದಿ, ಚರ್ಚು, ಅರಮನೆ ಅಂದರು. ಯಹೂದಿಗಳನ್ನು ಮರೆತರೆ ಈ ನೆಲದ ಇತಿಹಾಸ ಅರ್ಧವೇ. ಕೊರ್ಡೊಬಾದಲ್ಲಿ 1315ರ ಸಿನಗಾಗ್ ಇದೆ. ಇಡೀ ಸ್ಪೇನಿನಲ್ಲಿ ಚೆನ್ನಾಗಿ ಉಳಿದಿರುವ ಮಧ್ಯಯುಗದ ಸಿನಗಾಗ್‌ಗಳು ಬೆರಳೆಣಿಕೆಯಷ್ಟು. ಒಂದೇ ಚಿಕ್ಕ ಕೋಣೆ, ಹತ್ತು ನಿಮಿಷ ಸಾಕು; ಗಾರೆ ಕೆಲಸ ಮುದೇಹಾರ್, ಬರಹ ಹೀಬ್ರೂ. ಹೊರಗೆ ಈ ಊರಲ್ಲೇ ಹುಟ್ಟಿದ ಯಹೂದಿ ತತ್ವಜ್ಞಾನಿ ಮೈಮೋನಿಡಿಸ್ ವಿಗ್ರಹ.

"ಮೂರು ಧರ್ಮಗಳು ಅಣ್ಣತಮ್ಮಂದಿರಂತೆ ಬಾಳಿದವು" ಅನ್ನುವ ಮಾತನ್ನು ಗೈಡುಗಳು ಹೇಳುತ್ತಾರೆ. ಪೂರ್ತಿ ನಂಬಬೇಡಿ, ಪೂರ್ತಿ ತಳ್ಳಿಯೂ ಹಾಕಬೇಡಿ. ಯಹೂದಿಯೊಬ್ಬ ವಜೀರನಾಗಿದ್ದ ಅದೇ ಗ್ರನಾಡಾದಲ್ಲಿ 1066ರಲ್ಲಿ ಯಹೂದಿಗಳ ಹತ್ಯಾಕಾಂಡ ನಡೆಯಿತು. ಮೈಮೋನಿಡಿಸ್ ಮನೆಯವರು ಕೊರ್ಡೊಬಾ ಬಿಟ್ಟದ್ದು ಅಲ್ಮೊಹಾದರು ಬಂದ ಮೇಲೆ. ಸೆವಿಲ್ಲೆಯ ಯಹೂದಿ ಕೇರಿಯ ಮೇಲೆ ಕ್ರೈಸ್ತ ಗುಂಪುಗಳು 1391ರಲ್ಲಿ ಬಿದ್ದವು. ಕಡೆಗೆ 1492ರ ಮಾರ್ಚ್ 31ರಂದು, ಗ್ರನಾಡಾ ಗೆದ್ದು ಮೂರು ತಿಂಗಳೊಳಗೆ, ಅದೇ ಅಲ್ಹಂಬ್ರಾದಲ್ಲಿ ಕೂತು ಯಹೂದಿಗಳ ಗಡೀಪಾರು ಆಜ್ಞೆಗೆ ಸಹಿ ಬಿತ್ತು. ಅರಮನೆಯ ಅಂದ ನೋಡುವಾಗ ಈ ತಾರೀಖು ನೆನಪಿರಲಿ.

ಇನ್ನೂ ಹಿಂದಿನ ಕಾಲ ಬೇಕಾದರೆ ಸೆವಿಲ್ಲೆ ಪಕ್ಕದ ಸಾಂತಿಪೊನ್ಸೆಯಲ್ಲಿ ಇತಾಲಿಕಾ: ಕ್ರಿ.ಪೂ. 206ರಲ್ಲಿ ಸಿಪಿಯೊ ನೆಲೆಗೊಳಿಸಿದ ರೋಮನ್ ಊರು, ಚಕ್ರವರ್ತಿ ಟ್ರೇಜನ್ ಹುಟ್ಟಿದ್ದು ಅಲ್ಲಿ. ಪ್ಲಾಸಾ ದೆ ಆರ್ಮಾಸ್ ನಿಲ್ದಾಣದಿಂದ ಬಸ್ಸು, ಅರ್ಧ ದಿನ ಸಾಕು. ಅಂತೆಕೇರಾದ ಮೆಂಗಾ ಕಲ್ಲುಸಮಾಧಿಗೆ 5,500 ವರ್ಷಕ್ಕೂ ಹೆಚ್ಚು ವಯಸ್ಸು, ಒಂದು ಮುಚ್ಚುಗಲ್ಲೇ ನೂರು ಟನ್ ಮೀರುತ್ತದೆ. ಅದರ ಬಾಗಿಲು ಸೂರ್ಯೋದಯದ ಕಡೆ ತಿರುಗಿಲ್ಲ, ಮಲಗಿದ ಮುಖದಂತೆ ಕಾಣುವ ಎದುರಿನ ಬಂಡೆಬೆಟ್ಟಕ್ಕೆ ನೇರ ತಿರುಗಿದೆ. ರೈಲಿನಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ: "ಅಂತೆಕೇರಾ ಸಾಂತಾ ಆನಾ" ನಿಲ್ದಾಣ ಊರಿಂದ ಸುಮಾರು 17 ಕಿಲೋಮೀಟರ್ ದೂರ. ಊರಿನ ಹತ್ತಿರದ ನಿಲ್ದಾಣದ ಹೆಸರು "ಅಂತೆಕೇರಾ ಎ.ವಿ."

ದಾರಿಹೋಕ

ಎಲ್ಲರಿಗೂ ವಂದನೆ. ಇಷ್ಟು ಬರೆದುಕೊಂಡಿದ್ದೇನೆ: ಶನಿವಾರ ರಾತ್ರಿ ಕೊರ್ಡೊಬಾ, ಭಾನುವಾರ ಬೆಳಿಗ್ಗೆ ಮೆಸ್ಕಿತಾ, ಸೋಮವಾರ ಕೊರ್ಡೊಬಾ ಹೊರಗಿನ ಹಾಳುಪಟ್ಟಣ ಮದೀನತ್ ಅಲ್-ಜಹ್ರಾ, ಮಂಗಳವಾರದಿಂದ ಗುರುವಾರ ಸೆವಿಲ್ಲೆ ಮತ್ತು ಇತಾಲಿಕಾ, ಶುಕ್ರವಾರದಿಂದ ಗ್ರನಾಡಾ. ಅಲ್ಹಂಬ್ರಾ ಟಿಕೆಟ್ ಶನಿವಾರಕ್ಕೆ ಸಿಗುತ್ತಿದೆ. ಸರಿಯಿದೆಯಾ?

ಪಟ್ಟಿಗಾರ

ಭಾನುವಾರ, ಸೋಮವಾರ ಅದಲುಬದಲು ಮಾಡಿ. ಮದೀನತ್ ಅಲ್-ಜಹ್ರಾ ಸೋಮವಾರ ಮುಚ್ಚಿರುತ್ತದೆ. ಇತಾಲಿಕಾ, ಸಿನಗಾಗ್, ಸರ್ಕಾರಿ ಮ್ಯೂಸಿಯಮ್‌ಗಳಿಗೂ ಅದೇ ರಜೆ. ಮೆಸ್ಕಿತಾದಲ್ಲಿ ಭಾನುವಾರ ಪ್ರಾರ್ಥನೆಯ ಕಾರಣ ಮಧ್ಯಾಹ್ನದ ಮೊದಲೇ ಪ್ರವಾಸಿಗರನ್ನು ಕಳಿಸಿ 3 ಗಂಟೆಗೆ ಮತ್ತೆ ತೆರೆಯುತ್ತಾರೆ, ಉಚಿತ ಗಂಟೆಯೂ ಇಲ್ಲ.

ಭಾನುವಾರ ಬೆಳಿಗ್ಗೆಯೇ ಮದೀನತ್‌ಗೆ ಹೊರಡಿ, ಮಧ್ಯಾಹ್ನ 3ಕ್ಕೆ ಮುಚ್ಚುತ್ತದೆ. ಊರಿಂದ 8 ಕಿಲೋಮೀಟರ್. ವಾಹನ ಇಳಿಸುವುದು ಕೆಳಗಿನ ಮ್ಯೂಸಿಯಮ್ ಹತ್ತಿರ. ಅಲ್ಲಿಂದ ಅವಶೇಷಗಳವರೆಗೆ ಅವರದೇ ಬಸ್ಸು, ಅದಕ್ಕೆ ಬೇರೆ ಟಿಕೆಟ್. ಪ್ರವೇಶ ಯೂರೋಪ್ ಒಕ್ಕೂಟದವರಿಗೆ ಉಚಿತ, ಉಳಿದವರಿಗೆ 1.50 ಯೂರೋ. ಮ್ಯೂಸಿಯಮ್ ಮೊದಲು ನೋಡಿ, ಇಲ್ಲದಿದ್ದರೆ ಮೇಲೆ ಕಾಣುವುದು ಬರಿ ಅಡಿಪಾಯ. ನೆರಳಿಲ್ಲ, ಕುಡಿಯುವ ನೀರು ಜೊತೆಗಿರಲಿ.

ಮೂರನೇಕಮಾನು

ಮದೀನತ್ ಬಗ್ಗೆ ಒಂದು ಸೇರಿಸುತ್ತೇನೆ. 929ರಲ್ಲಿ ತನ್ನನ್ನು ಖಲೀಫ ಅಂತ ಘೋಷಿಸಿಕೊಂಡ ಮೂರನೇ ಅಬ್ದ್ ಅಲ್-ರಹಮಾನ್ 936ರ ಸುಮಾರಿಗೆ ಶುರು ಮಾಡಿದ ರಾಜಧಾನಿ ಅದು. ಒಳಜಗಳದಲ್ಲಿ 1010ರ ಹೊತ್ತಿಗೆ ಹಾಳಾಯಿತು, ಎಂಬತ್ತು ವರ್ಷವೂ ಬಾಳಲಿಲ್ಲ. ಉತ್ಖನನ ಶುರುವಾದದ್ದು 1911ರಲ್ಲಿ. ಬಹುಭಾಗ ಇನ್ನೂ ಮಣ್ಣಿನಡಿ ಇದೆ. ಅಲ್ಲಿನ ಬೋದಿಗೆಗಳನ್ನು ಹತ್ತಿರದಿಂದ ನೋಡಿ, ಜೇನುಗೂಡಿನ ಹಾಗೆ ತೂತುತೂತಾಗಿ ಆಳಕ್ಕೆ ಕೊರೆದಿದ್ದಾರೆ. ಆಮೇಲೆ ಸೆವಿಲ್ಲೆಗೆ ಹೋದಾಗ ಅಲ್ಕಾಸರಿನ ರಾಯಭಾರಿಗಳ ಸಭಾಂಗಣದಲ್ಲಿ ಕಮಾನು ಹೊತ್ತ ಕಂಬಗಳ ತಲೆ ನೋಡಿ. ಅದೇ ಜೇನುಗೂಡು. ಹಳೆಯ ಖಲೀಫರ ಕಲ್ಲುಗಳನ್ನು ಪೆದ್ರೋ ತನ್ನ ಅರಮನೆಗೆ ತರಿಸಿ ಕೂರಿಸಿದ್ದಾನೆ.